ತಕರಾರು ಅರ್ಜಿ ಬರೆಯುವ ಬಗೆ: ಸುಟ್ಟ ಮೋಟಾರು, ಸೋರುವ ಮಾಳಿಗೆ

ಹತ್ತನೆಯ ಇಯತ್ತೆಯ ಮಕ್ಕಳಿಗೆ ಪತ್ರಲೇಖನ ಕಲಿಸುವಾಗ ನಾವು ಪ್ರತಿವರ್ಷವೂ ಒಂದು ತಕರಾರು ಅರ್ಜಿಯನ್ನು ಬರೆಯಿಸುತ್ತೇವೆ. ಓಣಿಯ ದೀಪ ಕೆಟ್ಟಿದೆ, ನಳಕ್ಕೆ ನೀರು ಬರುತ್ತಿಲ್ಲ, ಎಸ್.ಟಿ. ಬಸ್ಸು ವೇಳೆಗೆ ಬರುವುದಿಲ್ಲ. ಸಾಮಾನ್ಯವಾಗಿ ಇವೇ ವಿಷಯಗಳು. 2025ರ ಜುಲೈ ತಿಂಗಳಿನಲ್ಲಿ ಮಾತ್ರ ವಿಷಯವನ್ನು ಮಕ್ಕಳಿಗೇ ಬಿಟ್ಟೆವು. ನಿಮ್ಮ ಮನೆಯಲ್ಲಿ ನಿಜವಾಗಿ ಆದ ಒಂದು ತೊಂದರೆಯನ್ನು ಕುರಿತು ಬರೆಯಿರಿ ಎಂದೆವು.

ಒಬ್ಬ ಹುಡುಗ ಹೀಗೆ ಬರೆದಿದ್ದ: "ಮಾನ್ಯರೇ, ಆ ಮೋಟಾರು ರಿಪೇರಿಯವನು ಮಹಾ ಮೋಸಗಾರ. ಅವನು ನಮ್ಮ ಅಪ್ಪನ ಹೊಟ್ಟೆ ಉರಿಸಿದ್ದಾನೆ. ಅವನ ಅಂಗಡಿಯನ್ನು ಮುಚ್ಚಿಸಿ ಅವನನ್ನು ಜೇಲಿಗೆ ಹಾಕಬೇಕಾಗಿ ವಿನಂತಿ."

ಅಕ್ಷರ ಸ್ಪಷ್ಟವಾಗಿತ್ತು, ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೂ ನಾವು ಐದಕ್ಕೆ ಎರಡೇ ಅಂಕ ಕೊಟ್ಟೆವು. ಹುಡುಗನಿಗೆ ಬೇಸರವಾಯಿತು. ಹತ್ತಿರ ಕರೆದು ಕೇಳಿದೆವು: ಮೋಟಾರು ಕೊಟ್ಟದ್ದು ಯಾವ ದಿನ? ಎಷ್ಟು ರೂಪಾಯಿ? ಏನು ಮಾಡಿಕೊಡುತ್ತೇನೆಂದು ಹೇಳಿದ್ದ? ಮತ್ತೆ ಕೆಟ್ಟದ್ದು ಎಂದು? "ಗೊತ್ತಿಲ್ಲರೀ ಸರ, ಅಪ್ಪಗ ಕೇಳಬೇಕು" ಎಂದ.

ಮರುದಿನ ಅವನ ತಂದೆಯೇ ಶಾಲೆಗೆ ಬಂದರು. ಮಗನ ಅಂಕದ ಮಾತೆತ್ತಲಿಲ್ಲ. ಕೇಳಿದ್ದು ಒಂದೇ ಮಾತು: "ಸರ, ಖರೇನ ಕೋರ್ಟಿಗೆ ಹೋಗ್ಲಿಕ್ಕೆ ಬರ್ತದೇನ್ರಿ? ಆರೂವರೆ ಸಾವಿರದ ಸಲುವಾಗಿ ಕೋರ್ಟಿಗೆ ಹೋದ್ರ ವಕೀಲರಿಗೆ ಹತ್ತು ಸಾವಿರ ಕೊಡಬೇಕಾಗ್ತದ."

ಈ ಪ್ರಶ್ನೆ ಆ ಒಬ್ಬ ಪಾಲಕರದ್ದಲ್ಲ. ಗವಂಡಿ, ಬಡಿಗ, ಮೋಟಾರು ರಿಪೇರಿಯವ, ನಳದವ, ಬೋರು ಹೊಡೆಯುವವ, ಹೀಗೆ ಯಾರಿಂದಲಾದರೂ ಕೆಲಸ ಮಾಡಿಸಿಕೊಂಡು ಅದು ಕೆಟ್ಟಾಗ ಮೈಂದರ್ಗಿಯ ಪ್ರತಿ ಮನೆಯಲ್ಲೂ ಇದೇ ಮಾತು. ಆದ್ದರಿಂದ ಈ ವರ್ಷದ ಸಂಚಿಕೆಯಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು ಇದನ್ನೇ ಸ್ವಲ್ಪ ಅಭ್ಯಾಸ ಮಾಡೋಣ.

ಹಿಂದೆ ಇಂಥ ತಂಟೆ ಊರೊಳಗೇ ಮುಗಿಯುತ್ತಿತ್ತು. ಹಿರಿಯರು ನಾಲ್ಕು ಮಂದಿ ಕಟ್ಟೆಯ ಮೇಲೆ ಕೂತು ಇಬ್ಬರ ಮಾತನ್ನೂ ಕೇಳಿ, 'ನೀ ಇಷ್ಟು ಬಿಡು, ನೀ ಇಷ್ಟು ಕೊಡು' ಎಂದು ತೀರ್ಮಾನಿಸುತ್ತಿದ್ದರು. ಕೆಲಸಗಾರನೂ ಅದೇ ಓಣಿಯವ. ಮರುದಿನ ಮುಖ ತೋರಿಸಬೇಕಲ್ಲ ಎಂಬ ಅಂಜಿಕೆ ಇತ್ತು. ಇಂದು ಕೆಲಸಗಾರ ಅಕ್ಕಲಕೋಟೆಯಿಂದ ಬರುತ್ತಾನೆ, ಸೊಲ್ಲಾಪುರದಿಂದ ಬರುತ್ತಾನೆ, ಗಡಿಯಾಚೆ ಅಫಜಲಪುರದಿಂದಲೂ ಬರುತ್ತಾನೆ. ಹಣ ಮುಟ್ಟಿದ ಮೇಲೆ ಫೋನು ಎತ್ತದಿದ್ದರೆ ಅವನನ್ನು ಕಟ್ಟೆಗೆ ಕರೆತರುವವರು ಯಾರು? ಪೋಲೀಸ್ ಠಾಣೆಗೆ ಹೋದವರಿಗೆ 'ಇದು ದಿವಾಣಿ ವಿಷಯ' ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಬಹುಮಟ್ಟಿಗೆ ಸರಿಯೇ. ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ ಅದು ಅಪರಾಧ. ಮಾಡುವ ಮನಸ್ಸಿನಿಂದಲೇ ಹಿಡಿದ ಕೆಲಸ ಕೆಟ್ಟರೆ ಅದು ಇಬ್ಬರ ನಡುವಿನ ಕರಾರಿನ ಮಾತು. ನಮ್ಮ ಹುಡುಗನ ಅರ್ಜಿಯ ಮೊದಲ ತಪ್ಪು ಇಲ್ಲಿಯೇ ಇತ್ತು. ಜೇಲು ಕೇಳಿದವನು ಆರೂವರೆ ಸಾವಿರವನ್ನು ಕೇಳುವುದನ್ನೇ ಮರೆತಿದ್ದ.

ಸಣ್ಣ ಮೊತ್ತದ ವ್ಯಾಜ್ಯಗಳಿಗೆ ಬೇರೆ ದಾರಿ ಇರಬೇಕೆಂಬುದು ಹೊಸ ವಿಚಾರವಲ್ಲ. ಮುಂಬಯಿಯಂಥ ಮಹಾನಗರಗಳಿಗಾಗಿ 1882ರಲ್ಲಿ, ಉಳಿದ ಪ್ರಾಂತಗಳಿಗಾಗಿ 1887ರಲ್ಲಿ ಲಘು ವ್ಯಾಜ್ಯ ನ್ಯಾಯಾಲಯಗಳ ಕಾಯಿದೆಗಳು ಬಂದವು. ಇಂಗ್ಲೆಂಡಿನಲ್ಲಿ ವಕೀಲರ ಹಂಗಿಲ್ಲದೆ ಸಣ್ಣ ಮೊತ್ತದ ತಕರಾರನ್ನು ತೀರಿಸುವ ಏರ್ಪಾಡು 1973ರಲ್ಲಿ ಆರಂಭವಾಯಿತು. ನಮ್ಮ ಮಹಾರಾಷ್ಟ್ರದಲ್ಲಿ ಮರು ವರ್ಷವೇ, ಅಂದರೆ 1974ರಲ್ಲಿ, ಪುಣೆಯಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತ್ ಚಳವಳಿಯನ್ನು ಕಟ್ಟಿದರು. ಇಂಥ ಚಳವಳಿಗಳ ಒತ್ತಾಯದ ಫಲವಾಗಿ 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಪ್ಪಿಗೆ ದೊರೆಯಿತು. ಶಾಲೆಗಳಲ್ಲಿ ಆ ದಿನವನ್ನು ಗ್ರಾಹಕ ದಿನವೆಂದು ಆಚರಿಸುವುದು ಇದಕ್ಕಾಗಿಯೇ. ಈಗ ಜಾರಿಯಲ್ಲಿರುವುದು ಅದರ ಜಾಗದಲ್ಲಿ ಬಂದ 2019ರ ಕಾಯಿದೆ. ಅದು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಜನ ಬಾಯಿಮಾತಿನಲ್ಲಿ 'ಗ್ರಾಹಕ ನ್ಯಾಯಾಲಯ' ಎಂದು ಕರೆಯುವ ಸಂಸ್ಥೆಯ ಕಾಯಿದೆಯ ಹೆಸರು ಜಿಲ್ಲಾ ಗ್ರಾಹಕ ಆಯೋಗ. ನಮ್ಮದು ಸೊಲ್ಲಾಪುರದಲ್ಲಿದೆ.

ಆ ಪಾಲಕರ ಲೆಕ್ಕಕ್ಕೆ ಮೊದಲು ಉತ್ತರ ಹೇಳಿಬಿಡೋಣ. ಕೆಲಸಕ್ಕೆ ಅಥವಾ ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಅರ್ಜಿಯ ಶುಲ್ಕ ಒಂದು ಪೈಸೆಯೂ ಇಲ್ಲ. ವಕೀಲರನ್ನು ಹಿಡಿಯಲೇಬೇಕೆಂಬ ಕಡ್ಡಾಯವೂ ಇಲ್ಲ. ತಕರಾರುದಾರ ತಾನೇ ನಿಂತು ಹೇಳಬಹುದು. 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲೇ ಬರುತ್ತದೆ. 2019ರ ಕಾಯಿದೆ ತಂದ ಇನ್ನೊಂದು ಅನುಕೂಲವೆಂದರೆ, ಕೆಲಸಗಾರನ ಅಂಗಡಿ ಎಲ್ಲಿಯೇ ಇರಲಿ, ತಕರಾರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ಅಫಜಲಪುರದ ಕೆಲಸಗಾರನ ಮೇಲಿನ ತಕರಾರಿಗಾಗಿ ಕಲಬುರ್ಗಿಗೆ ಅಲೆಯಬೇಕಿಲ್ಲ.

ಇಲ್ಲಿ ಜಾಣ ವಿದ್ಯಾರ್ಥಿ ಕೇಳಬಹುದು: ಗ್ರಾಹಕನೆಂದರೆ ಅಂಗಡಿಯಲ್ಲಿ ಸಾಮಾನು ಕೊಳ್ಳುವವನಲ್ಲವೇ? ಗವಂಡಿಯಿಂದ ನಾವು ಕೊಂಡದ್ದೇನು? ಕಾಯಿದೆಯ ಪ್ರಕಾರ ಹಣ ಕೊಟ್ಟು ಸೇವೆ ಪಡೆಯುವವನೂ ಗ್ರಾಹಕನೇ. ಮನೆ ಕಟ್ಟುವುದು ಸೇವೆಯೇ ಎಂಬ ವಾದ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1993ರ ನವೆಂಬರ್ 5ರಂದು ನ್ಯಾಯಾಲಯವು, ಮನೆ ಕಟ್ಟಿಕೊಡಲು ಒಪ್ಪಿದವನು ಗುತ್ತಿಗೆದಾರನಿರಲಿ, ಸರಕಾರಿ ಸಂಸ್ಥೆಯಿರಲಿ, ಅದು ಸೇವೆಯೇ, ಅದರಲ್ಲಿನ ಕೊರತೆಗೆ ಅವನು ಹೊಣೆಗಾರ ಎಂದು ತೀರ್ಪಿತ್ತಿತು.

ಇನ್ನೊಂದು ಸಂದೇಹ ರೈತರದು. ವ್ಯಾಪಾರದ ಉದ್ದೇಶಕ್ಕಾಗಿ ಪಡೆದ ವಸ್ತು ಮತ್ತು ಸೇವೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಹೊಲದ ಮೋಟಾರು ವ್ಯಾಪಾರಕ್ಕಲ್ಲವೇ, ಬೆಳೆ ಮಾರುತ್ತಾರಲ್ಲ ಎಂದು ಎದುರಿನವರು ವಾದಿಸಬಹುದು. ಆಂಧ್ರಪ್ರದೇಶದ ರೈತರು ಕಳಪೆ ಬೀಜದ ಬಗ್ಗೆ ರಾಷ್ಟ್ರೀಯ ಬೀಜ ನಿಗಮದ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಇದೇ ವಾದ ಬಂದಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ರೈತನೂ ಗ್ರಾಹಕನೇ ಎಂದಿತು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಪಡೆದದ್ದು ವ್ಯಾಪಾರವಲ್ಲವೆಂದು ಕಾಯಿದೆಯೇ ವಿವರಿಸಿದೆ.

ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. 'ವೈಯಕ್ತಿಕ ಚಾಕರಿಯ ಕರಾರು' ಈ ಕಾಯಿದೆಯ ಹೊರಗಿದೆ. ಎಂದರೆ, ದಿನಗೂಲಿಯ ಮೇಲೆ ಆಳನ್ನು ಕರೆದು 'ಇಲ್ಲಿ ಅಗೆ, ಅಲ್ಲಿ ಕಲ್ಲಿಡು' ಎಂದು ನಾವೇ ಮುಂದೆ ನಿಂತು ಮಾಡಿಸಿದರೆ, ಆ ಕೆಲಸ ಕೆಟ್ಟಾಗ ಅವನ ಮೇಲೆ ಗ್ರಾಹಕ ತಕರಾರು ನಿಲ್ಲುವುದು ಕಠಿಣ. ಇಷ್ಟು ಕೆಲಸ, ಇಷ್ಟು ಹಣ, ಹೇಗೆ ಮಾಡುವುದೆಂಬುದು ನನ್ನ ಹೊಣೆ ಎಂದು ಗುತ್ತಿಗೆ ಹಿಡಿದವನ ಮಾತು ಬೇರೆ. ನಮ್ಮ ಊರಿನಲ್ಲಿ ಒಂದೇ ಗವಂಡಿ ಒಂದು ಮನೆಯಲ್ಲಿ ಪಗಾರಿಗೆ, ಇನ್ನೊಂದು ಮನೆಯಲ್ಲಿ ಗುತ್ತಿಗೆಗೆ ದುಡಿಯುತ್ತಿರುತ್ತಾನೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಒಂದು ಚೀಟಿ ಬೇಕು.

ಚೀಟಿಯ ಮಾತು ಬಂದಿತು. ಇನ್ನು ನಮ್ಮ ಸ್ವಂತದ ಕಥೆಯನ್ನು ಹೇಳಲೇಬೇಕು. ಪಾಠ ಹೇಳುವವರು ತಾವು ಪಾಸಾದದ್ದನ್ನೇ ಹೇಳುತ್ತಾರೆ. ನಾವು ನಾಪಾಸಾದದ್ದನ್ನು ಹೇಳುತ್ತಿದ್ದೇವೆ.

2022ರ ಏಪ್ರಿಲಿನಲ್ಲಿ ನಮ್ಮ ಮನೆಯ ಮುಂಭಾಗದ ಹಳೆಯ ಮಣ್ಣಿನ ಮಾಳಿಗೆಯನ್ನು ತೆಗೆಸಿ ಸ್ಲ್ಯಾಬು ಹಾಕಿಸಿದೆವು. ಸಾಮಾನು ನಮ್ಮದು, ಮಜೂರಿ ಗುತ್ತಿಗೆ ಗವಂಡಿಯದು. ಮೊತ್ತ 85 ಸಾವಿರ. ಮಾತುಕತೆಯೆಲ್ಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಆಯಿತು. ದಿನಾಲು ಮಕ್ಕಳಿಗೆ 'ಬರೆದಿಟ್ಟುಕೊಳ್ಳಿ' ಎನ್ನುವ ನಾವು ಒಂದು ಸಾಲನ್ನೂ ಬರೆಯಲಿಲ್ಲ. ಮಾಸ್ತರರಾದ ನಾವು ಗುರುತಿನ ಮನುಷ್ಯನಿಂದ ಚೀಟಿ ಬರೆಸಿಕೊಂಡರೆ ಅವನ ಮೇಲೆ ಸಂಶಯಪಟ್ಟಂತೆ ಆಗುತ್ತದೆ ಎಂಬ ಭಿಡೆ. ಜೂನಿನ ಮೊದಲ ದೊಡ್ಡ ಮಳೆಗೆ ಮೂಲೆಯಲ್ಲಿ ತೇವ ಕಾಣಿಸಿತು. ಎರಡನೆಯ ಮಳೆಗೆ ಪುಸ್ತಕದ ಕಪಾಟಿನ ಮೇಲೆ ಹನಿ ಬಿತ್ತು. ಗವಂಡಿ ಎರಡು ಸಲ ಬಂದು ಸಿಮೆಂಟಿನ ಹಾಲು ಸುರಿದು ಹೋದ. ಮೂರನೆಯ ಸಲ ಫೋನು ಎತ್ತಲಿಲ್ಲ.

ಸಿಟ್ಟಿನಿಂದ ಸೊಲ್ಲಾಪುರದ ಪರಿಚಯದ ವಕೀಲರೊಬ್ಬರ ಬಳಿಗೆ ಹೋದೆವು. ಅವರು ಮಾಳಿಗೆಯ ಮಾತು ಕೇಳುವ ಮೊದಲು ಕೇಳಿದ್ದು, "ಕರಾರು ಏನಿತ್ತು? ಎಷ್ಟು ಕೊಟ್ಟಿದ್ದೀರಿ? ಕಾಗದ ಏನಿದೆ?" ಎಂದು. ನಾವು ಹುಡುಗನಿಗೆ ಕೇಳಿದ ಪ್ರಶ್ನೆಗಳೇ! ಅಂದು ನಮ್ಮಲ್ಲಿಯೂ ಉತ್ತರವಿರಲಿಲ್ಲ.

ಮನೆಗೆ ಬಂದು ಹುಡುಕಿದಾಗ ನಮ್ಮನ್ನು ಉಳಿಸಿದ್ದು ಅಡುಗೆಮನೆಯ ಗೋಡೆಗೆ ತೂಗುಹಾಕಿದ 'ಕಾಲನಿರ್ಣಯ'. ಹಾಲಿನ ಲೆಕ್ಕ, ಗ್ಯಾಸಿನ ಟಾಕಿ ಬಂದ ದಿನ ಇವುಗಳ ನಡುವೆ ನಮ್ಮ ಮನೆಯವರು ಸಣ್ಣ ಅಕ್ಷರದಲ್ಲಿ 'ಗವಂಡಿಗೆ 20,000', 'ಗವಂಡಿಗೆ 15,000' ಎಂದು ಬರೆದಿದ್ದರು. ಫೋನಿನಿಂದ ಕಳಿಸಿದ್ದು 20 ಸಾವಿರ ಮತ್ತು 10 ಸಾವಿರ ಬ್ಯಾಂಕಿನ ಲೆಕ್ಕದಲ್ಲಿತ್ತು. ಇನ್ನೊಂದು 15 ಸಾವಿರ ಮಾತ್ರ ಎಲ್ಲಿಯೂ ಇರಲಿಲ್ಲ. ಒಟ್ಟು 80 ಸಾವಿರ ಕೊಟ್ಟವರಲ್ಲಿ 65 ಸಾವಿರಕ್ಕೆ ಗುರುತು ಸಿಕ್ಕಿತು, ಅದೂ ನಮ್ಮ ಬುದ್ಧಿಯಿಂದಲ್ಲ.

ವಕೀಲರ ಸಲಹೆಯಂತೆ ನಾವೇ ಒಂದು ನೋಟೀಸು ಬರೆದು ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದೆವು. ನೋಟೀಸು ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ. ಕೊಟ್ಟರೆ ಎದುರಿನವನಿಗೆ ಸರಿಪಡಿಸಲು ಅವಕಾಶ ಕೊಟ್ಟಂತೆ ಆಗುತ್ತದೆ, ಮತ್ತು ಅದೊಂದು ದಾಖಲೆ. ನೋಟೀಸು ಮುಟ್ಟಿದ ಐದನೆಯ ದಿನ ಗವಂಡಿ ಮನೆಗೆ ಬಂದ. ಚಹಾ ಬೇಡವೆಂದ. ನಿಂತೇ ಮಾತಾಡಿದ:

"ಸರ, ಮಾಳಗಿ ಸೋರ್ತದ, ಖರೆ. ಇಳಕಲ ಕಡಿಮಿ ಆಗೇದ, ಅದು ನಂದ ತಪ್ಪು. ಆದ್ರ ನೀರು ಹೊಡೀತೀವಿ ಅಂದವ್ರು ಯಾರ್ರಿ? ಸ್ಲ್ಯಾಬ್ ಹಾಕಿ ನಾಕ ದಿನಕ್ಕ ನೀವು ಮದವಿಗಿ ಹೋದ್ರಿ. ಮೂರು ದಿನ ಬಿಸಿಲಾಗ ಬಾಯಿ ಬಿಟಗೊಂಡು ಕುಂತಿತ್ತ ಅದು. ಅದ್ನ ನೋಟೀಸಿನ್ಯಾಗ ಯಾಕ ಬರದಿಲ್ರಿ?"

ನಮಗೆ ಉತ್ತರ ತೋಚಲಿಲ್ಲ. ನೀರು ಹೊಡೆಯುವುದು ನಮ್ಮ ಜವಾಬ್ದಾರಿ ಎಂದು ಒಪ್ಪಿಕೊಂಡದ್ದು ನಿಜ. ಕಾಂಕ್ರೀಟಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ, ಒಣ ಬಿಸಿ ಹವೆಯಲ್ಲಿ ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ನಮ್ಮ ಏಪ್ರಿಲಿನ ಬಿಸಿಲಿಗಿಂತ ಒಣ ಬಿಸಿ ಹವೆ ಇನ್ನೆಲ್ಲಿದೆ? ಸೋರಿಕೆಯಲ್ಲಿ ಅವನ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಹೇಳಬಲ್ಲ ಇಂಜಿನಿಯರರ ವರದಿಯೂ ನಮ್ಮಲ್ಲಿರಲಿಲ್ಲ. ಆಯೋಗದ ಮುಂದೆ ಅವನು ಇದೇ ಮಾತನ್ನು ಪ್ರಮಾಣ ಮಾಡಿ ಹೇಳಿದ್ದರೆ ನಮ್ಮ ತಕರಾರು ಅರ್ಧವಾದರೂ ಬೀಳುತ್ತಿತ್ತು. ಆ ಗುರುತಿಲ್ಲದ 15 ಸಾವಿರವನ್ನು ಅವನು ತಾನಾಗಿಯೇ ಒಪ್ಪಿಕೊಂಡ. ಅವನು ಬರೀ ಮೋಸಗಾರನಾಗಿದ್ದರೆ ಒಪ್ಪುತ್ತಿರಲಿಲ್ಲ. ಕೊನೆಗೆ ಮೇಲಿನ ಗಿಲಾವನ್ನು ಕೆತ್ತಿ ಇಳಿಜಾರು ಸರಿಮಾಡಿ ಮತ್ತೆ ಹಾಕುವುದು, ಸಾಮಾನಿನ ಖರ್ಚು ನಮ್ಮದು, ಮಜೂರಿ ಅವನದು, ಉಳಿದ 5 ಸಾವಿರವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು ಎಂದು ಗೊತ್ತಾಯಿತು. ಈ ಸಲ ಬರೆದೆವು. ಇಬ್ಬರೂ ಸಹಿ ಮಾಡಿದೆವು.

ಆ ಪ್ರಸಂಗದ ತರುವಾಯ ಈ ಕಾಯಿದೆಯನ್ನು ಓದುವಾಗ ನಮ್ಮ ದೃಷ್ಟಿಯೇ ಬದಲಾಯಿತು. ಯಾರು ಕೆಟ್ಟವರು ಎಂಬುದು ಆಯೋಗದ ಪ್ರಶ್ನೆಯಲ್ಲ. ಏನು ಒಪ್ಪಿದ್ದರು, ಏನು ಆಯಿತು, ನಡುವಿನ ಅಂತರ ಎಷ್ಟು, ಅದನ್ನು ತೋರಿಸುವ ದಾಖಲೆ ಯಾವುದು, ಇಷ್ಟೇ ಅದರ ಪ್ರಶ್ನೆ. ವಿಚಾರಣೆ ನಡೆಯುವುದು ಹೆಚ್ಚಾಗಿ ಪ್ರಮಾಣ ಮಾಡಿ ಕೊಟ್ಟ ಬರಹ ಮತ್ತು ಕಾಗದಪತ್ರಗಳ ಮೇಲೆ. ಗಟ್ಟಿ ದನಿಗೆ ಅಲ್ಲಿ ಬೆಲೆ ಕಡಿಮೆ.

ಈಗ ಮೋಟಾರಿಗೆ ಬರೋಣ. ಅದು ನಮ್ಮ ಮಾಳಿಗೆಗಿಂತ ತೊಡಕಿನದು. ಮಾಳಿಗೆ ಎಲ್ಲಿಗೂ ಓಡಿಹೋಗುವುದಿಲ್ಲ, ಯಾವಾಗ ಬೇಕಾದರೂ ಹತ್ತಿ ನೋಡಬಹುದು. ಸುಟ್ಟ ಮೋಟಾರನ್ನು ಬೇರೆಯವರಲ್ಲಿ ಬಿಚ್ಚಿಸಿದೊಡನೆ ಸಾಕ್ಷ್ಯವೇ ಹೋಗಿಬಿಡುತ್ತದೆ. ಕಪ್ಪಾದ ತಾಮ್ರದ ತಂತಿ ಗುಜರಿಗೆ ಹೋಗುತ್ತದೆ. ಹಾಗೆಂದು ರೈತ ಕಾದು ಕೂಡುವಂತೆಯೂ ಇಲ್ಲ, ಬೆಳೆ ಒಣಗುತ್ತದೆ. ಆದ್ದರಿಂದ ಎರಡನೆಯವನು ಬಿಚ್ಚುವಾಗ ಫೋಟೋ ತೆಗೆಯಬೇಕು, ಸುಟ್ಟ ತಂತಿಯನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕು, ಕಂಡದ್ದನ್ನು ಅವನ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. 'ಲೈಟು ಡಿಮ್ ಇತ್ತು, ಅದಕ್ಕೇ ಸುಟ್ಟಿತು' ಎಂಬುದು ರಿಪೇರಿಯವರ ಸಾಮಾನ್ಯ ಉತ್ತರ. ಅದು ನಿಜವೂ ಇರಬಹುದು. ಅದೇ ಡೀಪಿಯ ಮೇಲಿನ ನೆರೆಹೊಲದ ಮೋಟಾರು ಆ ದಿನ ಸರಿಯಾಗಿ ಓಡಿತೇ ಎಂದು ಕೇಳಿಟ್ಟುಕೊಂಡರೆ ಅದಕ್ಕೆ ಜವಾಬು ಸಿಗುತ್ತದೆ.

ಆ ತಂದೆ ಇನ್ನೊಂದು ಮಾತು ಕೇಳಿದರು. ಎಂಟು ದಿನ ನೀರಿಲ್ಲದೆ ಉಳ್ಳಾಗಡ್ಡಿ ಹೋಯಿತು, ಅದರ ನುಕಸಾನು ಸಿಗುತ್ತದೆಯೇ? ಇದಕ್ಕೆ ಉತ್ತರ ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿನ ಒಂದು ಹಿಟ್ಟಿನ ಗಿರಣಿಯಲ್ಲಿದೆ. ಅಲ್ಲಿಯ ಯಂತ್ರದ ದಂಡವೊಂದು ಮುರಿಯಿತು. ಹೊಸದಕ್ಕೆ ಮಾದರಿಯಾಗಿ ಆ ಮುರಿದ ದಂಡವನ್ನು ಸಾಗಣೆಯವರ ಕೈಗೆ ಕೊಟ್ಟರು. ಅವರು ತಡಮಾಡಿದರು. ಅಷ್ಟು ದಿನ ಗಿರಣಿ ನಿಂತಿತು. ನಿಂತ ದಿನಗಳ ಲಾಭವನ್ನೂ ಕೊಡಿ ಎಂದು ಮಾಲಿಕರು ಕೋರ್ಟಿಗೆ ಹೋದರು. 1854ರಲ್ಲಿ ತೀರ್ಪಾಯಿತು. ಸಹಜವಾಗಿ ಆಗುವ ನಷ್ಟ, ಅಥವಾ ಕರಾರಿನ ವೇಳೆಗೆ ಇಬ್ಬರಿಗೂ ತಿಳಿದಿದ್ದ ನಷ್ಟ ಮಾತ್ರ ಸಿಗುತ್ತದೆ, ಈ ದಂಡವಿಲ್ಲದೆ ಗಿರಣಿ ಪೂರ್ತಿ ನಿಲ್ಲುತ್ತದೆಂಬುದು ಸಾಗಣೆಯವರಿಗೆ ತಿಳಿದಿರಲಿಲ್ಲ, ಎಂದಿತು ನ್ಯಾಯಾಲಯ. ಇದೇ ತತ್ತ್ವ 1872ರ ನಮ್ಮ ಕರಾರು ಕಾಯಿದೆಯ 73ನೆಯ ಕಲಮಿನಲ್ಲಿ ಸೇರಿದೆ. ಮೋಟಾರು ಕೊಡುವಾಗಲೇ 'ಹೊಲದಲ್ಲಿ ಉಳ್ಳಾಗಡ್ಡಿ ಇದೆ, ಬೇರೆ ನೀರಿಲ್ಲ' ಎಂದು ಚೀಟಿಯಲ್ಲಿ ಬರೆಸಿದ್ದರೆ ಕೇಳಲು ಆಧಾರವಿರುತ್ತಿತ್ತು. ಅದೇ ಕಲಮು ಇನ್ನೊಂದನ್ನೂ ಹೇಳುತ್ತದೆ. ನಷ್ಟವನ್ನು ತಗ್ಗಿಸಲು ನಮ್ಮ ಕೈಲಾದದ್ದನ್ನು ನಾವು ಮಾಡಿದೆವೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೈಕಟ್ಟಿ ಕುಳಿತು ಬೆಳೆಯೆಲ್ಲ ಒಣಗಲು ಬಿಟ್ಟವನಿಗೆ ಪೂರ್ತಿ ನಷ್ಟ ಸಿಗಲಾರದು.

ಅರ್ಜಿ ಹಾಕುವ ಕ್ರಮ ದೊಡ್ಡದೇನಲ್ಲ. ತಂಟೆಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಈ ಮುದ್ದತ್ತನ್ನು ಎಲ್ಲರೂ ಮರೆಯುತ್ತಾರೆ. ಸೊಲ್ಲಾಪುರಕ್ಕೆ ಹೋಗಿಯೂ ಕೊಡಬಹುದು, 2025ರಲ್ಲಿ ಬಂದ 'ಇ-ಜಾಗೃತಿ' ಎಂಬ ಸರಕಾರಿ ತಾಣದ ಮೂಲಕ ಮನೆಯಿಂದಲೂ ಹಾಕಬಹುದು. ಎದುರುದಾರನು 30 ದಿನದಲ್ಲಿ, ಹೆಚ್ಚೆಂದರೆ ಇನ್ನು 15 ದಿನ ಸೇರಿಸಿ ಉತ್ತರ ಕೊಡಬೇಕು. ಅದಕ್ಕಿಂತ ಹೆಚ್ಚು ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಇಬ್ಬರೂ ಒಪ್ಪಿದರೆ ಆಯೋಗವೇ ರಾಜಿಗೆ ಮಧ್ಯಸ್ಥರ ಬಳಿಗೆ ಕಳಿಸುತ್ತದೆ. ಕೊರತೆ ಸಿದ್ಧವಾದರೆ ಹಣ ಮರಳಿಸಲು, ಕೆಲಸ ಸರಿಪಡಿಸಲು, ಪರಿಹಾರ ಮತ್ತು ಖರ್ಚು ಕೊಡಲು ಆದೇಶವಾಗುತ್ತದೆ. ಆದೇಶ ಪಾಲಿಸದವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಅಥವಾ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ನಮ್ಮ ಹುಡುಗ ಬಯಸಿದ ಜೇಲು ಬರುವುದು ಇಷ್ಟು ದೂರ ಬಂದ ಮೇಲೆ. ಸಾಮಾನಿನ ಪರೀಕ್ಷೆ ಬೇಕಿಲ್ಲದ ತಕರಾರನ್ನು 3 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಕಾಯಿದೆಯ ಮೂರು ತಿಂಗಳೇ ಬೇರೆ, ತಾರೀಖುಗಳ ಮೂರು ತಿಂಗಳೇ ಬೇರೆ ಎಂಬುದನ್ನು ಪಾಲಕರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಕೆಲಸಗಾರರ ಮಕ್ಕಳೂ ನಮ್ಮ ವರ್ಗದಲ್ಲಿದ್ದಾರೆ. ಅವರಿಗೂ ಒಂದು ಮಾತು. ಕೆಲಸ ಮುಗಿಸಿ ಹಣ ಸಿಗದ ಗವಂಡಿಗೆ ಗ್ರಾಹಕ ಆಯೋಗದಲ್ಲಿ ಜಾಗವಿಲ್ಲ. ಅವನು ಅಕ್ಕಲಕೋಟೆಯ ದಿವಾಣಿ ನ್ಯಾಯಾಲಯಕ್ಕೆ ಹೋಗಬೇಕು. ಅವನಿಗೆ 3 ವರ್ಷದ ಮುದ್ದತ್ತು ಇದೆ. ವ್ಯಾಜ್ಯ ಹೂಡುವ ಮೊದಲೇ ಲೋಕ ಅದಾಲತಿನಲ್ಲಿ ರಾಜಿಗೂ ಯತ್ನಿಸಬಹುದು. ಚೀಟಿ ಅವನನ್ನೂ ಕಾಯುತ್ತದೆ. ನಮ್ಮ ಗವಂಡಿಯ ಕಡೆ 'ನೀರು ಹೊಡೆಯುವುದು ಮನೆಯವರದು' ಎಂದು ಬರೆದ ಒಂದು ಕಾಗದವಿದ್ದಿದ್ದರೆ ನಮ್ಮ ನೋಟೀಸಿಗೆ ಅವನು ಅಂಜಬೇಕಾಗಿರಲಿಲ್ಲ.

ನಮ್ಮ ಭಾಗಕ್ಕೆ ವಿಶೇಷವಾದ ತೊಡಕು ಭಾಷೆಯದು. ಇಲ್ಲಿ ಮಾತು ಕನ್ನಡದಲ್ಲಿ, ಚೀಟಿ ಕನ್ನಡದಲ್ಲಿ, ಆಯೋಗದ ಕಾಗದ ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡದ ಚೀಟಿಗೆ ಮರಾಠಿ ಅನುವಾದವನ್ನು ಜೋಡಿಸಬೇಕಾಗುತ್ತದೆ. ನಮ್ಮ ಮಕ್ಕಳು ಎರಡೂ ಭಾಷೆ ಓದುವವರು, ಅವರಿಂದ ಮನೆಗೆ ಉಪಕಾರವಾಗುವುದು ಇಂಥಲ್ಲಿಯೇ. ಆದರೆ ಒಂದೇ ರೂಪದ ಶಬ್ದಗಳು ಮೋಸಮಾಡುತ್ತವೆ. ಕನ್ನಡದಲ್ಲಿ ಆಣೆ ಮಾಡಿ ಬರೆದುಕೊಡುವ ಕಾಗದವನ್ನು ನಾವು 'ಪ್ರಮಾಣಪತ್ರ' ಎನ್ನುತ್ತೇವೆ. ಮರಾಠಿಯಲ್ಲಿ 'ಪ್ರಮಾಣಪತ್ರ' ಎಂದರೆ ಸರ್ಟಿಫಿಕೇಟು. ಆಣೆಯ ಕಾಗದಕ್ಕೆ ಅಲ್ಲಿ 'ಪ್ರತಿಜ್ಞಾಪತ್ರ' ಎನ್ನಬೇಕು. 'ಸೇವೆಯ ಕೊರತೆ' ಅಲ್ಲಿ 'ಸೇವೇತೀಲ ತ್ರುಟಿ'. ಕನ್ನಡದಲ್ಲಿಯೇ ಮೊದಲು ಸಲಹೆ ಕೇಳಬೇಕೆಂದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಫೋನು ಮಾಡಬಹುದು. ಅಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ.

ಹುಡುಗನಿಗೆ ಅರ್ಜಿಯನ್ನು ಮತ್ತೆ ಬರೆಯಲು ಹೇಳಿದೆವು. ಬೈಗುಳ ಬೇಡ, ಗುಣವಾಚಕ ಬೇಡ, ತಾರೀಖು ಮತ್ತು ಅಂಕಿ ಬೇಕು, ನಮಗೆ ತೊಡಕಾಗುವ ಸಂಗತಿಯನ್ನೂ ಮುಚ್ಚಬಾರದು ಎಂದೆವು. ತಂದೆ ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ಒಂದು ಮುದುಡಿದ ಚೀಟಿ ತಂದರು. ಅದರಲ್ಲಿ '5 ಹೆಚ್.ಪಿ. ರಿವೈಂಡಿಂಗ್ 6500' ಎಂದಷ್ಟೇ ಇತ್ತು, ತಾರೀಖೂ ಇಲ್ಲ, ಸಹಿಯೂ ಇಲ್ಲ. ಆದರೆ 3 ಸಾವಿರ ರೂಪಾಯಿಯನ್ನು ಫೋನಿನಿಂದ ಕಳಿಸಿದ್ದರು, ತಾರೀಖು ಅಲ್ಲಿ ಸಿಕ್ಕಿತು. ಎರಡನೆಯ ರಿಪೇರಿಯವನ ಬಿಲ್ಲೂ ಇತ್ತು. ಮೂರು ಸಲ ತಿದ್ದಿದ ಮೇಲೆ ಪತ್ರ ಹೀಗಾಯಿತು:

"ನಾನು ಮೈಂದರ್ಗಿಯ ರೈತ. ನನ್ನ ಬಾವಿಯ 5 ಹೆಚ್.ಪಿ. ಮೋಟಾರನ್ನು ನಿಮ್ಮ ಅಂಗಡಿಯಲ್ಲಿ ರಿವೈಂಡಿಂಗ್ ಮಾಡಿಸಿ 2024ರ ಅಕ್ಟೋಬರ್ 12ರಂದು ತೆಗೆದುಕೊಂಡು ಹೋದೆನು. ಮಜೂರಿ ಸಾಮಾನು ಸೇರಿ 6,500 ರೂಪಾಯಿ ಕೊಟ್ಟಿದ್ದೇನೆ. ಅದರಲ್ಲಿ 3,000 ಫೋನಿನ ಮೂಲಕ, 3,500 ರೋಖ. ಆರು ತಿಂಗಳು ಹೊಣೆ ಎಂದು ನೀವು ಬಾಯಿಮಾತಿನಲ್ಲಿ ಹೇಳಿದ್ದಿರಿ. ಅಕ್ಟೋಬರ್ 21ರಂದು ಮೋಟಾರು ಸುಟ್ಟಿತು. ಆ ದಿನ ಕರೆಂಟು ಎರಡು ಸಲ ಹೋಗಿ ಬಂದಿತ್ತು. ಅದೇ ಡೀಪಿಯ ಮೇಲಿನ ಉಳಿದ ಮೋಟಾರುಗಳು ಸುಡಲಿಲ್ಲ. ನಿಮಗೆ ನಾಲ್ಕು ಸಲ ಫೋನು ಮಾಡಿದೆನು. ಬೆಳೆಗೆ ನೀರು ಬೇಕಾದ್ದರಿಂದ ಅಕ್ಟೋಬರ್ 29ರಂದು ಬೇರೆ ಕಡೆ ಬಿಚ್ಚಿಸಿದೆನು. ತಂತಿ ಸಣ್ಣ ಗೇಜಿನದು ಎಂದು ಅವರು ಬಿಲ್ಲಿನ ಮೇಲೆ ಬರೆದಿದ್ದಾರೆ. ಸುಟ್ಟ ತಂತಿಯನ್ನು ನಾನು ಇಟ್ಟುಕೊಂಡಿಲ್ಲ. ಈ ಪತ್ರ ತಲುಪಿದ 15 ದಿನದೊಳಗೆ 6,500 ರೂಪಾಯಿ ಮರಳಿಸಬೇಕು. ಇಲ್ಲದಿದ್ದರೆ ಸೊಲ್ಲಾಪುರ ಜಿಲ್ಲಾ ಗ್ರಾಹಕ ಆಯೋಗದಲ್ಲಿ ತಕರಾರು ದಾಖಲಿಸುತ್ತೇನೆ."

'ಕರೆಂಟು ಹೋಗಿ ಬಂದಿತ್ತು' ಎಂಬ ಸಾಲನ್ನು ಬಿಟ್ಟುಬಿಡೋಣವೆಂದು ತಂದೆ, ಇರಲಿ ಎಂದು ಮಗ. ಸಾಲು ಉಳಿಯಿತು. ಈ ಸಲ ಐದಕ್ಕೆ ಐದು ಕೊಟ್ಟೆವು.

ಪತ್ರವನ್ನು ಮರಾಠಿ ಅನುವಾದದೊಡನೆ ಆಗಸ್ಟಿನಲ್ಲಿ ರಿಜಿಸ್ಟರ್ ಮಾಡಿ ಕಳಿಸಿದರು. (ಆ ವರ್ಷವೇ ರಿಜಿಸ್ಟರ್ ಟಪಾಲು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಈಗ ಕಳಿಸುವವರು ಸ್ಪೀಡ್ ಪೋಸ್ಟ್ ಮಾಡಿ ತಲುಪಿದ್ದರ ದಾಖಲೆಯನ್ನು ತೆಗೆದಿಟ್ಟುಕೊಳ್ಳಬೇಕು.) ಹದಿಮೂರನೆಯ ದಿನ ರಿಪೇರಿಯವನು ಫೋನು ಮಾಡಿ 4 ಸಾವಿರ ಕೊಡುತ್ತೇನೆಂದಿದ್ದಾನೆ. 2 ಸಾವಿರ ಕೊಟ್ಟೂ ಇದ್ದಾನೆ. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಉಳಿದದ್ದು ಬಂದಿಲ್ಲ. ಮುದ್ದತ್ತು 2026ರ ಅಕ್ಟೋಬರಿನವರೆಗೆ ಇದೆ. ಆ ದಿನವನ್ನು ಹುಡುಗ ಮನೆಯ ಕಾಲನಿರ್ಣಯದಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿದ್ದಾನೆ.